ಕೋಡಿಂಗ್ ಬಾರದ ಶಿಕ್ಷಕರು ಪಾಠದ ಆಟ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ರಜೆ ಸಿಕ್ಕಾಗ ಬೇರೆ ಶಾಲೆಗಳ ಶಿಕ್ಷಕರ ಜೊತೆ ಕೂತು, ಅವರ ತರಗತಿಗೆ ಬೇಕಾದ ಸಣ್ಣ ಸಣ್ಣ ಕಂಪ್ಯೂಟರ್ ಆಟಗಳನ್ನು ಅವರ ಕೈಯಿಂದಲೇ ಮಾಡಿಸುತ್ತೇನೆ. ಹೋದ ಕಡೆಯೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ನನಗೆ ಕೋಡಿಂಗ್ ಒಂದಕ್ಷರವೂ ಬರುವುದಿಲ್ಲ. ನಿಜವಾಗಿಯೂ ಆಟ ಮಾಡಲು ಆಗುತ್ತಾ?

ಆಗುತ್ತದೆ. ಆಟಕ್ಕೆ ಮುಖ್ಯವಾಗಿ ಬೇಕಾದದ್ದು ನಿಮ್ಮ ಹತ್ತಿರ ಆಗಲೇ ಇದೆ. ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ನಿಮಗೆ ಗೊತ್ತು.

ಒಂದು ಉದಾಹರಣೆ ಹೇಳುತ್ತೇನೆ. 0.5 ಮತ್ತು 0.45, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಆರನೇ ತರಗತಿಯಲ್ಲಿ ಕೇಳಿ ನೋಡಿ. ಸುಮಾರು ಮಕ್ಕಳು 0.45 ಅನ್ನುತ್ತಾರೆ. 5ಕ್ಕಿಂತ 45 ದೊಡ್ಡದು ಅಲ್ವಾ, ಅದೇ ಲೆಕ್ಕ. ಹಾಗೆಯೇ 4ಕ್ಕಿಂತ 8 ದೊಡ್ಡದು, ಆದ್ದರಿಂದ ಕಾಲು ಭಾಗಕ್ಕಿಂತ ಎಂಟನೇ ಒಂದು ಭಾಗ ಜಾಸ್ತಿ ಅನ್ನುವ ಮಗುವೂ ಇರುತ್ತದೆ. ಈ ತಪ್ಪುಗಳ ಹಿಂದೆ ಮಗುವಿನದೇ ಒಂದು ತರ್ಕ ಇದೆ. ಒಳ್ಳೆಯ ಪಾಠದ ಆಟ ಹುಟ್ಟುವುದು ಅಲ್ಲಿಂದ. ದೊಡ್ಡ ಕಂಪನಿಯ ಪ್ರೋಗ್ರಾಮರ್‌ಗೆ ಈ ತಪ್ಪು ಗೊತ್ತಿರುವುದಿಲ್ಲ. ದಿನಾ ನೋಟ್‌ಬುಕ್ ತಿದ್ದುವ ನಿಮಗೆ ಗೊತ್ತಿರುತ್ತದೆ.

ಹಾಗಾಗಿ ಮೊದಲ ಕೆಲಸ ಕಂಪ್ಯೂಟರ್ ಹಚ್ಚುವುದಲ್ಲ. ಒಂದು ವಾರ ನೋಟ್‌ಬುಕ್ ತಿದ್ದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಮತ್ತೆ ಮತ್ತೆ ಬರುವ ತಪ್ಪು ಉತ್ತರಗಳನ್ನು ಬರೆದುಕೊಳ್ಳಿ. ಆ ಹಾಳೆಯಲ್ಲೇ ನಿಮ್ಮ ಆಟ ಇದೆ.

ಆಮೇಲೆ ಸೀದಾ ಕಂಪ್ಯೂಟರ್‌ನಲ್ಲಿ ಶುರು ಮಾಡಬಹುದಾ?

ಬೇಡ. ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ, ಇಲ್ಲವೇ ರಟ್ಟಿನ ಮೇಲೆ ಆಡಿಸಿ ನೋಡಿ. ನಮ್ಮಲ್ಲಿ ಇದಕ್ಕೆ ಹೊಸದಾಗಿ ಏನನ್ನೂ ಹುಡುಕಬೇಕಿಲ್ಲ. ಚೌಕಾಬಾರದ ಮನೆಗಳು, ಹಾವು ಏಣಿಯ ಪಟ, ಅಳಗುಳಿಮಣೆಯ ಗುಳಿಗಳು ಎಲ್ಲರಿಗೂ ಗೊತ್ತು. ಅಳಗುಳಿಮಣೆಯಲ್ಲಿ ಹಂಚುವುದು, ಕೂಡುವುದು, ಮುಂದಿನ ಲೆಕ್ಕ ಊಹಿಸುವುದು ಎಲ್ಲ ಇದೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾಗಿ ಬಿದ್ದರೆ ಎಂಟು. ಯಾವ ಸಂಖ್ಯೆ ಹೆಚ್ಚು ಸಲ ಬೀಳುತ್ತದೆ ಎಂದು ಮಕ್ಕಳ ಕೈಲಿ ನೂರು ಸಲ ಕವಡೆ ಹಾಕಿಸಿ ಬರೆಸಿದರೆ, ಸಂಭವನೀಯತೆಯ ಪಾಠ ಅರ್ಧ ಮುಗಿದ ಹಾಗೆ.

ಪ್ರಾಥಮಿಕ ಶಾಲೆಯವರಿಗೆ ಇದು ಇನ್ನೂ ಸುಲಭ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯು ಕಾರ್ಡು, ಕಲಿಕಾ ಏಣಿ, ಗುಂಪು ಚಟುವಟಿಕೆಗಳ ಮೇಲೇ ನಿಂತಿದೆ. ನಲಿ-ಕಲಿ ತರಗತಿ ನಡೆಸಿದವರಿಗೆ ಆಟದ ವಿನ್ಯಾಸ ಹೊಸ ವಿಷಯವೇ ಅಲ್ಲ.

ಕಾಗದದಲ್ಲಿ ಆಡಿಸಿದಾಗ ನಿಯಮದ ತಪ್ಪುಗಳು ತಕ್ಷಣ ಹೊರಬರುತ್ತವೆ. ಒಬ್ಬನೇ ಗೆಲ್ಲುತ್ತಿದ್ದಾನೆ, ಉಳಿದವರು ಸುಮ್ನೆ ಕೂತಿದ್ದಾರೆ ಅಂದರೆ ಅಲ್ಲೇ ನಿಯಮ ಬದಲಿಸಬಹುದು. ಕಂಪ್ಯೂಟರ್‌ನಲ್ಲಿ ಕಟ್ಟಿದ ಮೇಲೆ ಬದಲಿಸುವುದು ಬೇಜಾರಿನ ಕೆಲಸ.

ಹತ್ತು ಪ್ರಶ್ನೆಯ ಕ್ವಿಜ್ ಮಾಡಿದರೆ ಅದೂ ಆಟವೇ ಅಲ್ವಾ?

ಕ್ವಿಜ್ ಒಳ್ಳೆಯದೇ. ಪುನರಾವರ್ತನೆಗೆ ಚೆನ್ನಾಗಿ ಒದಗುತ್ತದೆ. ಆದರೆ ಅಲ್ಲಿ ಗೊತ್ತಿದ್ದವರು ಉತ್ತರ ಹೇಳುತ್ತಾರೆ, ಗೊತ್ತಿಲ್ಲದವರಿಗೆ ಕೆಂಪು ಗುರುತು ಬೀಳುತ್ತದೆ. ಗೊತ್ತಿಲ್ಲದ ಮಗು ಕಲಿಯಲು ಅಲ್ಲಿ ದಾರಿ ಕಮ್ಮಿ.

ಸಂತೆಯ ಆಟ ಅಂತ ನಾವು ಒಂದು ಮಾಡಿದೆವು. ಇಬ್ಬರು ಟೊಮ್ಯಾಟೊ ಮಾರುತ್ತಿದ್ದಾರೆ. ಇಬ್ಬರದೂ 20 ರೂಪಾಯಿ. ಒಬ್ಬರು 0.5 ಕೆಜಿ ಕೊಡುತ್ತಾರೆ, ಇನ್ನೊಬ್ಬರು 0.45 ಕೆಜಿ. ಎಲ್ಲಿ ತಗೊಳ್ಳುತ್ತೀಯ? ಮಗು 0.45 ಒತ್ತಿದರೆ 'ತಪ್ಪು' ಎಂದು ಬರುವುದಿಲ್ಲ. ಚೀಲ ಮನೆಗೆ ಬರುತ್ತದೆ. ಅಜ್ಜಿ ತೂಕಕ್ಕೆ ಇಡುತ್ತಾರೆ. ತೂಕದ ಯಂತ್ರದಲ್ಲಿ 450 ಗ್ರಾಂ ಕಾಣುತ್ತದೆ. ಪಕ್ಕದ ಮನೆಯವರ ಚೀಲದಲ್ಲಿ 500 ಗ್ರಾಂ. ಮಗು ಒಂದು ಕ್ಷಣ ನಿಲ್ಲುತ್ತದೆ. ಆ ನಿಲ್ಲುವ ಕ್ಷಣಕ್ಕಾಗಿಯೇ ಇಷ್ಟೆಲ್ಲ ಮಾಡುವುದು. ಮಗು ಏನೋ ಆರಿಸಿತು, ಅದರಿಂದ ಏನೋ ಆಯಿತು, ಅದನ್ನು ನೋಡಿ ಮತ್ತೆ ಯೋಚಿಸಿತು. ಇಷ್ಟಿದ್ದರೆ ಅದು ಆಟ.

ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ?

ನಿಮಗೆ ಆಗಲೇ ಬರುವುದರಿಂದ. ಹೆಚ್ಚಿನ ಶಿಕ್ಷಕರಿಗೆ ಪವರ್‌ಪಾಯಿಂಟ್ ಗೊತ್ತು. ವಿಂಡೋಸ್ ಬದಲು ಉಬುಂಟು ಇರುವ ಶಾಲೆಗಳಲ್ಲಿ ಲಿಬ್ರೆ ಆಫೀಸ್‌ನ ಇಂಪ್ರೆಸ್ ಇರುತ್ತದೆ. ಮೇಲೆ ಹೇಳಿದ ಸಂತೆ ಆಟ ಪೂರ್ತಿ ಪವರ್‌ಪಾಯಿಂಟ್‌ನದೇ. ಎಂಟು ಸ್ಲೈಡು, ಅಷ್ಟೇ.

ಮಾಡುವುದು ಹೀಗೆ. ಒಂದು ಸ್ಲೈಡಿನಲ್ಲಿ ಎರಡು ಚಿತ್ರ ಇಡಿ. ಚಿತ್ರದ ಮೇಲೆ ಬಲಗಡೆ ಕ್ಲಿಕ್ ಮಾಡಿ ಲಿಂಕ್ ಆರಿಸಿ. ಅಲ್ಲಿ 'ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್' ಎಂದಿರುತ್ತದೆ. ಅದರೊಳಗೆ ನಿಮ್ಮ ಸ್ಲೈಡುಗಳ ಪಟ್ಟಿ ಕಾಣುತ್ತದೆ. ಈ ಚಿತ್ರ ಒತ್ತಿದರೆ 3ನೇ ಸ್ಲೈಡು, ಆ ಚಿತ್ರ ಒತ್ತಿದರೆ 4ನೇ ಸ್ಲೈಡು, ಹೀಗೆ ಜೋಡಿಸಿ. ಇಂಪ್ರೆಸ್‌ನಲ್ಲಿ ಇದೇ ಕೆಲಸಕ್ಕೆ 'ಇಂಟರ್ಯಾಕ್ಷನ್' ಎಂಬ ಆಯ್ಕೆ ಇದೆ.

ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಇದೆ. ಮಗು ಚಿತ್ರದ ಮೇಲೆ ಒತ್ತುವ ಬದಲು ಖಾಲಿ ಜಾಗದಲ್ಲಿ ಒತ್ತುತ್ತದೆ. ಆಗ ಪವರ್‌ಪಾಯಿಂಟ್ ತನ್ನ ಪಾಡಿಗೆ ಮುಂದಿನ ಸ್ಲೈಡಿಗೆ ಹೋಗಿಬಿಡುತ್ತದೆ, ಉತ್ತರ ಬಯಲಾಗುತ್ತದೆ. ಇದನ್ನು ತಡೆಯಲು 'ಸ್ಲೈಡ್ ಶೋ' ಪಟ್ಟಿಯಲ್ಲಿ 'ಸೆಟ್ ಅಪ್ ಸ್ಲೈಡ್ ಶೋ' ತೆರೆಯಿರಿ. ಅಲ್ಲಿ ಕಿಯೋಸ್ಕ್ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಆಮೇಲೆ ಲಿಂಕ್ ಇರುವ ಕಡೆ ಮಾತ್ರ ಕ್ಲಿಕ್ ಕೆಲಸ ಮಾಡುತ್ತದೆ. ಈ ಒಂದು ಸಣ್ಣ ಆಯ್ಕೆ ಗೊತ್ತಾದ ದಿನ ಎಷ್ಟೋ ಶಿಕ್ಷಕರ ಮುಖ ಅರಳಿದ್ದನ್ನು ನೋಡಿದ್ದೇನೆ. ಹಾಗೆಯೇ ಪ್ರತಿ ಸ್ಲೈಡಿನಲ್ಲೂ ಮುಂದಕ್ಕೋ ಹಿಂದಕ್ಕೋ ಹೋಗಲು ಒಂದು ಗುಂಡಿ ಇರಲಿ. ಇಲ್ಲದಿದ್ದರೆ ಮಗು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಸಮಾಜ ವಿಜ್ಞಾನಕ್ಕೆ, ಭಾಷೆಗೆ ಏನು ಮಾಡುವುದು? ಕಥೆಯ ಹಾಗೆ ಬೇಕು.

ಟ್ವೈನ್ ನೋಡಿ. ಕವಲೊಡೆಯುವ ಕಥೆ ಬರೆಯಲು ಇರುವ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ. 2009ರಿಂದ ಇದೆ. ಕಥೆಯ ಒಂದು ತುಣುಕು ಬರೆಯುತ್ತೀರಿ. ಮಗು ಒತ್ತಬೇಕಾದ ಮಾತನ್ನು ಎರಡೆರಡು ಚೌಕ ಕಂಸಗಳ ನಡುವೆ ಇಡುತ್ತೀರಿ. ತಕ್ಷಣ ಆ ಹೆಸರಿನ ಹೊಸ ತುಣುಕು ಪರದೆಯ ಮೇಲೆ ಹುಟ್ಟುತ್ತದೆ, ಇವೆರಡರ ನಡುವೆ ಒಂದು ಬಾಣ ಬರುತ್ತದೆ. ಇಷ್ಟೇ ಕಲಿತರೆ ಸಾಕು, ಕಥೆ ಕವಲೊಡೆಯುತ್ತದೆ.

1930ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವನ್ನೇ ತಗೊಳ್ಳಿ. ಪುಸ್ತಕದಲ್ಲಿ ಅದು ಒಂದೆರಡು ಸಾಲು. ಟ್ವೈನ್‌ನಲ್ಲಿ ಮಗು ಆ ಊರಿನ ಹದಿನಾಲ್ಕರ ಹುಡುಗಿಯಾಗುತ್ತದೆ. ಬೆಳಗ್ಗೆ ಎಲ್ಲರೂ ಕಡಲ ಕಡೆ ಹೊರಟಿದ್ದಾರೆ. ಕೊಡ ಹಿಡಿದು ನೀನೂ ಹೋಗುತ್ತೀಯಾ? ಮನೆಯಲ್ಲಿ ಅಣ್ಣನಿಗೆ ಸರ್ಕಾರಿ ನೌಕರಿ ಇದೆ, ಅದು ಹೋದರೆ ಮನೆ ನಡೆಯುವುದು ಹೇಗೆ? ಹೋಗದೆ ಉಳಿದರೆ ಸಂಜೆ ಗೆಳತಿಗೆ ಏನು ಹೇಳುತ್ತೀಯ? ಹುಡುಗಿಯನ್ನು, ಅವಳ ಮನೆಯನ್ನು ನೀವು ಕಲ್ಪಿಸಿಕೊಂಡದ್ದು ಎಂದು ಮಕ್ಕಳಿಗೆ ಹೇಳಿ. ನಡೆದ ಘಟನೆ, ವರ್ಷ, ಊರು ಮಾತ್ರ ಪಕ್ಕಾ ಇರಬೇಕು.

ಒಂದು ಎಚ್ಚರಿಕೆ. ಬ್ರೌಸರ್‌ನಲ್ಲಿ ಟ್ವೈನ್ ಬಳಸಿದರೆ ನಿಮ್ಮ ಕಥೆ ಆ ಬ್ರೌಸರ್‌ನ ಒಳಗೇ ಇರುತ್ತದೆ, ಬೇರೆಲ್ಲೂ ಇರುವುದಿಲ್ಲ. ಯಾರಾದರೂ ಬ್ರೌಸರ್‌ನ ಡೇಟಾ ಅಳಿಸಿದರೆ ಕಥೆಯೂ ಹೋಯಿತು. ನನ್ನ ಮೂರು ವಾರದ ಕೆಲಸ ಹೀಗೆ ಹೋಗಿ, ಆ ರಾತ್ರಿ ನಿದ್ದೆ ಬರಲಿಲ್ಲ. ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಟ್ವೈನ್ ಬಳಸಿ, ಇಲ್ಲವೇ ಪ್ರತಿ ದಿನ ಕೆಲಸ ಮುಗಿಸುವಾಗ ಫೈಲ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ.

ಕೊನೆಗೆ ಸಿಗುವುದು ಒಂದೇ ಎಚ್‌ಟಿಎಂಎಲ್ ಫೈಲ್. ಅದು ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ಬರೀ ಅಕ್ಷರದ ಕಥೆಯಾದರೆ ಆ ಒಂದು ಫೈಲ್ ಸಾಕು. ಚಿತ್ರ ಸೇರಿಸಿದ್ದರೆ ಚಿತ್ರದ ಫೈಲುಗಳನ್ನೂ ಜೊತೆಗೆ ಕಳಿಸಬೇಕು.

ಸ್ಕ್ರ್ಯಾಚ್ ಮಕ್ಕಳು ಕೋಡಿಂಗ್ ಕಲಿಯಲು ಇರುವುದಲ್ವಾ? ಶಿಕ್ಷಕರಿಗೂ ಆಗುತ್ತಾ?

ಆಗುತ್ತದೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಹೊರತಂದ ಸ್ಕ್ರ್ಯಾಚ್‌ನಲ್ಲಿ ಏನನ್ನೂ ಟೈಪ್ ಮಾಡಿ ಕೋಡ್ ಬರೆಯಬೇಕಿಲ್ಲ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಸಿಕ್ಕಿಸುವುದು. ನೆಟ್ ಇಲ್ಲದೆ ಓಡುವ ಆವೃತ್ತಿಯೂ ಇದೆ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ನಮ್ಮ ದನಿಯನ್ನೇ ಮುದ್ರಿಸಿ ಹಾಕುವ ಸೌಲಭ್ಯ. ಕನ್ನಡದ ಒಬ್ಬ ಶಿಕ್ಷಕಿ ಇದರಿಂದ ಒಂದು ಕೇಳುವ ಆಟ ಮಾಡಿದರು. ಪರದೆಯ ಮೇಲೆ ಎರಡು ಚಿತ್ರ, ಹಳ್ಳಿ ಮತ್ತು ಹಲ್ಲಿ. ಅವರ ದನಿಯಲ್ಲಿ ಒಂದು ಪದ ಕೇಳುತ್ತದೆ. ಮಗು ಸರಿಯಾದ ಚಿತ್ರ ಒತ್ತಬೇಕು. ಆಮೇಲೆ ಹುಳಿ-ಹುಲಿ, ಬೆಳೆ-ಬೆಲೆ, ದನ-ಧನ. ಮಹಾಪ್ರಾಣ ಮತ್ತು ಳಕಾರ ಮಕ್ಕಳ ಕಿವಿಗೆ ಮೊದಲು ಬೀಳಬೇಕು, ಆಮೇಲೆ ಬರವಣಿಗೆಗೆ ಬರುತ್ತವೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಇದು ತುಂಬಾ ನೆರವಾಯಿತು. ಯಾವ ಕಂಪನಿಯ ಆ್ಯಪ್‌ನಲ್ಲೂ ಇರದ ಒಂದು ವಿಷಯ ಅದರಲ್ಲಿತ್ತು. ಅದು ಅವರದೇ ಟೀಚರ್‌ನ ದನಿ.

ಸ್ಕ್ರ್ಯಾಚ್ ಫೈಲ್ ತೆರೆಯಲು ಸ್ಕ್ರ್ಯಾಚ್ ಬೇಕು. ಅದಿಲ್ಲದೆ ಓಡಿಸಬೇಕಾದರೆ ಟರ್ಬೋವಾರ್ಪ್ ಪ್ಯಾಕೇಜರ್ ಎಂಬ ಉಚಿತ ಸಾಧನ ಅದನ್ನು ಎಚ್‌ಟಿಎಂಎಲ್ ಮಾಡಿಕೊಡುತ್ತದೆ.

ಇನ್ನೂ ಬೇಗ ಆಗುವಂಥದ್ದು ಇಲ್ವಾ? ನಾಳೆಯೇ ಬೇಕು.

ಹೊಂದಿಸಿ ಬರೆಯಿರಿ, ಚಿತ್ರಕ್ಕೆ ಹೆಸರು ಎಳೆದಿಡುವುದು, ಜೋಡಿ ಹುಡುಕುವುದು ಇಂಥವಕ್ಕೆ ಎಚ್‌5ಪಿ ಎಂಬ ಸಾಧನ ಇದೆ. ಲುಮಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ನೆಟ್ ಇಲ್ಲದೆಯೇ ಎಚ್‌5ಪಿ ಚಟುವಟಿಕೆ ಮಾಡಿ, ಎಚ್‌ಟಿಎಂಎಲ್ ಆಗಿ ಇಳಿಸಬಹುದು. ವರ್ಡ್‌ವಾಲ್, ಕಹೂಟ್ ಎಂಬ ಜಾಲತಾಣಗಳಲ್ಲಿ ಇನ್ನೂ ಬೇಗ, ಆದರೆ ನೆಟ್ ಬೇಕು, ಉಚಿತ ಖಾತೆಗೆ ಮಿತಿ ಇದೆ. ಗೂಗಲ್ ಫಾರ್ಮ್‌ನಲ್ಲಿ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ಭಾಗಕ್ಕೆ ಕಳಿಸಬಹುದು ಅನ್ನುವುದು ಹಲವರಿಗೆ ಗೊತ್ತಿಲ್ಲ. ಅದೊಂದರಿಂದಲೇ ಬೀಗ ತೆಗೆಯುವ ಆಟ, ನಿಧಿ ಹುಡುಕುವ ಆಟ ಮಾಡಬಹುದು.

ಕನ್ನಡದಲ್ಲಿ ಹಾಕಿದರೆ ಏನೇನೋ ಕಾಣುತ್ತದೆ. ಯಾಕೆ?

ಇದು ಎಲ್ಲರಿಗೂ ಬರುವ ತೊಂದರೆ. ಎರಡು ಬೇರೆ ಬೇರೆ ಕಾರಣಗಳಿವೆ.

ಒಂದು, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ. ಅದರಲ್ಲಿ ಒಳಗಿರುವುದು ನಿಜವಾಗಿ ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಕನ್ನಡದ ರೂಪ ತೊಡಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಬದಲಿಸುವ ಉಚಿತ ಸಾಧನಗಳಿವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪಿರುತ್ತವೆ. ಹೊಸದಾಗಿ ಟೈಪ್ ಮಾಡುವಾಗ ಮೊದಲಿಂದಲೇ ಯೂನಿಕೋಡ್‌ನಲ್ಲಿ ಮಾಡಿ.

ಎರಡನೆಯದು ಸ್ವಲ್ಪ ಆಳದ ತೊಂದರೆ. ಅಕ್ಷರ ಕಲಸಿ ಪದ ಮಾಡುವ ಆಟ, ಪದಬಂಧ, ಅಕ್ಷರ ಊಹಿಸುವ ಆಟ ಇವೆಲ್ಲ ಇಂಗ್ಲಿಷ್‌ಗೆಂದು ಮಾಡಿದವು. 'ವಿಜ್ಞಾನ' ಎಂದರೆ ನಮಗೆ ಮೂರು ಅಕ್ಷರ: ವಿ, ಜ್ಞಾ, ನ. ಕಂಪ್ಯೂಟರ್ ಮಾತ್ರ ಅದನ್ನು ಏಳು ಚೂರಾಗಿ ಇಟ್ಟುಕೊಂಡಿರುತ್ತದೆ. ವ, ಗುಡಿಸು, ಜ, ಅರ್ಧಾಕ್ಷರದ ಗುರುತು, ಞ, ದೀರ್ಘ, ನ. ಕಲಸುವ ಆಟಕ್ಕೆ ಕೊಟ್ಟರೆ ಈ ಏಳನ್ನೂ ಬೇರೆ ಮಾಡಿ ಚೆಲ್ಲುತ್ತದೆ. ಗುಡಿಸು ಒಂದೇ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಅದನ್ನು ನೋಡಿದ ಮಗುವಿಗೆ ಗೊಂದಲ ಆಗದೆ ಇರುತ್ತಾ?

ಇದಕ್ಕೆ ಸುಲಭದ ದಾರಿ, ಪದ ಒಡೆಯುವ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಡಬೇಡಿ. ಒಂದೊಂದು ಅಕ್ಷರವನ್ನೂ ನೀವೇ ಬೇರೆ ಬೇರೆ ಕಾರ್ಡಿನಲ್ಲಿ ಬರೆದು, ಎಳೆದು ಜೋಡಿಸುವ ಆಟ ಮಾಡಿ. ಎಚ್‌5ಪಿಯಲ್ಲೂ ಸ್ಕ್ರ್ಯಾಚ್‌ನಲ್ಲೂ ಇದು ಆಗುತ್ತದೆ.

ಮಕ್ಕಳು ಉತ್ತರ ಸರಿಯಾಗಿ ಬರೆದರೂ 'ತಪ್ಪು' ಎಂದು ಬರುತ್ತದೆಯಲ್ಲ?

ಕನ್ನಡದಲ್ಲಿ ಟೈಪ್ ಮಾಡಿಸುವ ಆಟಗಳಲ್ಲಿ ಹೀಗಾಗುತ್ತದೆ. ಕೆಲವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ. ಓಕಾರದ ಗುರುತನ್ನೂ ಒಂದೇ ಗುರುತಾಗಿ ಇಡಬಹುದು, ಬಿಡಿ ಬಿಡಿ ತುಂಡುಗಳನ್ನು ಸೇರಿಸಿಯೂ ಇಡಬಹುದು. ಪದದ ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟರೂ ಸಾಕು, ಎಷ್ಟೋ ಆಟಗಳು ಒಪ್ಪುವುದಿಲ್ಲ.

ಆದಷ್ಟು ಟೈಪ್ ಮಾಡಿಸಬೇಡಿ. ಆರಿಸುವುದು, ಎಳೆಯುವುದು, ಅಂಕಿ ಒತ್ತುವುದು ಇರಲಿ. ಸರಿ ಬರೆದ ಮಗುವಿಗೆ ತಪ್ಪು ಎಂದರೆ ಅದು ಮುಂದಿನ ಸಲ ಆಟಕ್ಕೇ ಬರುವುದಿಲ್ಲ.

ನಮ್ಮ ಶಾಲೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಕರೆಂಟೂ ಹೋಗುತ್ತಿರುತ್ತದೆ.

ಒಂದೇ ಕಂಪ್ಯೂಟರ್ ಇರುವ ತರಗತಿಯಲ್ಲಿ ಕೆಲವು ಸಲ ಆಟ ಇನ್ನೂ ಚೆನ್ನಾಗಿ ನಡೆಯುತ್ತದೆ. ಪ್ರೊಜೆಕ್ಟರ್‌ನಲ್ಲೋ ಟಿವಿಯಲ್ಲೋ ಹಾಕಿ. ಮಕ್ಕಳನ್ನು ನಾಲ್ಕೈದು ಗುಂಪು ಮಾಡಿ. ಪ್ರತಿ ಗುಂಪು ಮಾತಾಡಿಕೊಂಡು, ಉತ್ತರ ಮತ್ತು ಕಾರಣ ಎರಡನ್ನೂ ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯಲಿ. ಆಮೇಲೆ ಮೌಸ್ ಒತ್ತಿ. ಒಬ್ಬೊಬ್ಬರೇ ಆಡಿದರೆ ಮಗು ಊಹೆ ಮಾಡಿ ಒತ್ತಿಬಿಡುತ್ತದೆ. ಗುಂಪಿನಲ್ಲಿ ಜಗಳ ಆಡುತ್ತದೆ, ವಾದ ಮಾಡುತ್ತದೆ. ಕಲಿಕೆ ಆ ವಾದದಲ್ಲಿ ಇದೆ.

ಕರೆಂಟ್ ಹೋದರೆ ಮೊದಲು ಮಾಡಿದ ರಟ್ಟಿನ ಆಟ ಬೀರುವಿನಲ್ಲಿ ಇರುತ್ತದಲ್ಲ, ಅದನ್ನು ತೆಗೆಯಿರಿ. 40 ನಿಮಿಷದ ಪೀರಿಯಡ್‌ನಲ್ಲಿ ಆಟಕ್ಕೆ ಹತ್ತು ಹನ್ನೆರಡು ನಿಮಿಷ ಸಾಕು. ಉಳಿದದ್ದು ಮಾತಿಗೆ ಬೇಕು.

ಟೈಮರ್, ಅಂಕಪಟ್ಟಿ ಹಾಕಬಹುದಾ? ಮಕ್ಕಳಿಗೆ ಖುಷಿ ಆಗುತ್ತದೆ.

ಬೇಗ ಓದುವ ಮಕ್ಕಳಿಗೆ ಖುಷಿ ಆಗುತ್ತದೆ. ನಾನು ಮಾಡಿದ ಮೊದಲ ಆಟದಲ್ಲಿ 20 ಸೆಕೆಂಡಿನ ಟೈಮರ್ ಇತ್ತು. ಲೆಕ್ಕ ಚೆನ್ನಾಗಿ ಬರುತ್ತಿದ್ದ, ಆದರೆ ಓದುವುದು ನಿಧಾನವಾಗಿದ್ದ ಒಬ್ಬ ಹುಡುಗ ಪ್ರತಿ ಸಲವೂ ಸೋತ. ಕೊನೆಗೆ 'ನಂಗೆ ಗಣಿತ ಬರಲ್ಲ ಮಿಸ್' ಅಂದ. ಅವನ ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅಂದಿನಿಂದ ಟೈಮರ್ ಹಾಕಿಲ್ಲ.

ಅಂಕ ಬೇಕೇ ಬೇಕು ಅನಿಸಿದರೆ ಇಡೀ ತರಗತಿಗೆ ಸೇರಿ ಒಂದು ಗುರಿ ಇಡಿ. ಇನ್ನೊಂದು ವಿಷಯ, ಸರಿ-ತಪ್ಪನ್ನು ಬರೀ ಹಸಿರು-ಕೆಂಪು ಬಣ್ಣದಿಂದ ತೋರಿಸಬೇಡಿ. ಈ ಎರಡು ಬಣ್ಣ ಬೇರೆಯಾಗಿ ಕಾಣದ ಮಕ್ಕಳು, ಅದರಲ್ಲೂ ಹುಡುಗರು, ತರಗತಿಯಲ್ಲಿ ಇರಬಹುದು. ಒಂದು ಗುರುತು ಅಥವಾ ಪದವನ್ನೂ ಸೇರಿಸಿ.

ಎಐಗೆ ಹೇಳಿದರೆ ಅದೇ ಆಟ ಮಾಡಿಕೊಡುತ್ತದಂತೆ?

ಹೌದು, ಈಗ ಚಾಟ್‌ಬಾಟ್‌ಗೆ ಕನ್ನಡದಲ್ಲೇ ಹೇಳಿದರೂ ಒಂದು ಸಣ್ಣ ಆಟದ ಕೋಡ್ ಬರೆದುಕೊಡುತ್ತದೆ. 'ಎಲ್ಲವೂ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಇರಲಿ, ನೆಟ್ ಇಲ್ಲದೆ ಓಡಲಿ' ಎಂದು ಮೊದಲೇ ಹೇಳಿ. ಪದದ ಆಟವಾದರೆ ಪದಗಳನ್ನು ನೀವೇ ಒಡೆದು ಕೊಡಿ: ವಿ, ಜ್ಞಾ, ನ ಎಂದು ನಡುವೆ ಅಲ್ಪವಿರಾಮ ಹಾಕಿ.

'ದಶಮಾಂಶದ ಆಟ ಮಾಡು' ಎಂದಷ್ಟೇ ಹೇಳಿದರೆ ಸಿಗುವುದು ಎಲ್ಲರಿಗೂ ಸಿಗುವ ಕ್ವಿಜ್. ನಿಮ್ಮ ತಪ್ಪುಗಳ ಹಾಳೆ ನೋಡಿಕೊಂಡು, ಮಗು 0.45 ಆರಿಸಿದರೆ ಏನು ಕಾಣಬೇಕು ಎಂದು ಬಿಡಿಸಿ ಹೇಳಿದರೆ ನಿಮ್ಮ ಆಟ ಸಿಗುತ್ತದೆ. ಪ್ರಶ್ನೆ, ಉತ್ತರ, ಕನ್ನಡದ ಕಾಗುಣಿತ ಒಂದೊಂದನ್ನೂ ನೀವೇ ನೋಡಿ. ಅದು ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ. ಮಕ್ಕಳ ಹೆಸರು, ಅಂಕ ಯಾವುದನ್ನೂ ಅದಕ್ಕೆ ಕೊಡಬೇಡಿ.

ಚಿತ್ರಗಳನ್ನು ನೆಟ್‌ನಿಂದ ತಗೊಳ್ಳಬಹುದಾ?

ಸಿಕ್ಕಿದ್ದೆಲ್ಲ ಬಳಸುವ ಹಾಗಿಲ್ಲ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಬಳಸಲು ಅನುಮತಿ ಇರುವ ಚಿತ್ರಗಳಿವೆ. ತೆಗೆದವರ ಹೆಸರು ಹಾಕಿ. ಕರ್ನಾಟಕದ ಶಿಕ್ಷಕರೇ ಸೇರಿ ಬೆಳೆಸಿದ ಕೋಯರ್‌ನಲ್ಲೂ, ಅಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳಲ್ಲೂ, ಕನ್ನಡದ ಸಾಮಗ್ರಿ ಇದೆ. ಎಲ್ಲಕ್ಕಿಂತ ಒಳ್ಳೆಯದು ಮಕ್ಕಳು ಬಿಡಿಸಿದ ಚಿತ್ರ. ತಾನು ಬರೆದ ಎಮ್ಮೆ ಪರದೆಯ ಮೇಲೆ ನಡೆದರೆ ಆ ಮಗುವಿನ ಸಂತೋಷ ನೋಡಬೇಕು.

ಮಕ್ಕಳ ಫೋಟೊ ಮಾತ್ರ ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನ ಎಲ್ಲರನ್ನೂ ಮಕ್ಕಳೆಂದೇ ನೋಡುತ್ತದೆ.

ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮೂರ ಶಾಲೆಯ ಟೀಚರ್‌ಗಳಿಗೆ ಹೇಗೆ ನೆರವಾಗಲಿ?

ಈ ಪ್ರಶ್ನೆ ಕೇಳಿದಾಗ ನನಗೆ ತುಂಬಾ ಖುಷಿಯಾಗುತ್ತದೆ. ದಯವಿಟ್ಟು ಮೊದಲ ದಿನ ಲ್ಯಾಪ್‌ಟಾಪ್ ತೆಗೆಯಬೇಡಿ. ತರಗತಿಯ ಹಿಂದೆ ಕೂತು ಒಂದು ಪಾಠ ನೋಡಿ. ಆಮೇಲೆ ಟೀಚರ್ ಹತ್ತಿರ 'ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಮೇಡಂ?' ಎಂದು ಕೇಳಿ.

ಕೆಲಸ ಶುರುವಾದ ಮೇಲೆ ಮೌಸ್ ಅವರ ಕೈಯಲ್ಲೇ ಇರಲಿ. ಅವರು ನಿಧಾನ ಮಾಡಿದರೂ ನೀವು ಕಿತ್ತುಕೊಳ್ಳಬೇಡಿ. ನೀವೇ ಸೊಗಸಾದ ಆಟ ಮಾಡಿಕೊಟ್ಟು ಹೋದರೆ, ಮುಂದಿನ ವರ್ಷ ಒಂದು ಪ್ರಶ್ನೆ ಬದಲಿಸಬೇಕಾದಾಗ ಆ ಆಟ ಅಲ್ಲಿಗೇ ನಿಲ್ಲುತ್ತದೆ. ನೀವು ಕೋಡ್ ಬರೆಯಲೇಬೇಕಾದರೆ ಪ್ರಶ್ನೆಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಬೇರೆ ಇಡಿ. ಹಾಳೆಯಲ್ಲಿ ಬದಲಿಸಿದರೆ ಆಟದಲ್ಲೂ ಬದಲಾಗುವ ಹಾಗೆ ಮಾಡಿ. ಹೋಗುವ ಮೊದಲು ಅವರೇ ಒಂದು ಹೊಸ ಪ್ರಶ್ನೆ ಸೇರಿಸುವುದನ್ನು ಕಣ್ಣಾರೆ ನೋಡಿ.

ಆಟದಿಂದ ಮಕ್ಕಳು ಕಲಿತರೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಮಕ್ಕಳು ಕೂಗಿದರು, ಚಪ್ಪಾಳೆ ತಟ್ಟಿದರು ಅನ್ನುವುದರಿಂದ ಗೊತ್ತಾಗುವುದಿಲ್ಲ. ಆಟಕ್ಕೆ ಮೊದಲು ಎರಡೇ ಎರಡು ಪ್ರಶ್ನೆ ಹಾಳೆಯಲ್ಲಿ ಕೊಡಿ. ಒಂದು ವಾರ ಬಿಟ್ಟು, ಆಟದಲ್ಲಿ ಇಲ್ಲದ ಸಂಖ್ಯೆ ಹಾಕಿ ಅದೇ ಬಗೆಯ ಎರಡು ಪ್ರಶ್ನೆ ಕೊಡಿ. 0.5 ಮತ್ತು 0.45 ಆಡಿದ್ದರೆ 0.3 ಮತ್ತು 0.275 ಕೇಳಿ. ಯಾಕೆ ಎಂದು ಒಂದು ಸಾಲು ಬರೆಸಿ.

ಆ ಸಾಲುಗಳನ್ನು ಓದುವಾಗ ಮತ್ತೆ ಕೆಲವು ತಪ್ಪುಗಳು ಕಾಣುತ್ತವೆ. ನಮ್ಮ ಸಂತೆ ಆಟ ಆದ ಮೇಲೆ ಒಬ್ಬಳು ಹುಡುಗಿ '0.275 ಕೆಜಿ ಅಂದರೆ 275 ಗ್ರಾಂ, ಆದರೆ 0.3 ಕೆಜಿ ಅಂದರೆ 3 ಗ್ರಾಂ' ಎಂದು ಬರೆದಿದ್ದಳು. ಅವಳಿಗಾಗಿ ಆಟದಲ್ಲಿ ಇನ್ನೊಂದು ಸ್ಲೈಡು ಸೇರಿತು. ಅದರಲ್ಲಿ ಅಜ್ಜಿ 100 ಗ್ರಾಂನ ಬಟ್ಟುಗಳನ್ನು ಒಂದೊಂದಾಗಿ ತೂಕದ ಯಂತ್ರದ ಮೇಲೆ ಇಡುತ್ತಾರೆ. ಮೂರು ಬಟ್ಟು ಇಟ್ಟಾಗ ಯಂತ್ರ 0.3 ಕೆಜಿ ತೋರಿಸುತ್ತದೆ.